ಬ್ಯಾಟರಿ ಯಾರು ತರುತ್ತಾರೆ?

ರಾಜಾಜಿನಗರ, ಬೆಂಗಳೂರು

ಪ್ರೀತಿಯ ಹುಡುಗಿ,

ದೇಹದೊಳಗೆ ಯಂತ್ರ ಕೂರಿಸಿಕೊಂಡ ಹುಡುಗನ ಮೇಲೆ ನೀನು ಬರೆದ ಕಾದಂಬರಿ ಓದಿ ಮುಗಿಸಿದೆ. ಜೊತೆಗಿದ್ದ ಪತ್ರವನ್ನು ಅದಕ್ಕಿಂತ ಜಾಸ್ತಿ ಸಲ ಓದಿದೆ. "ಇದು ನಮ್ಮ ಮಣ್ಣಿನ ವಸ್ತು ಅಲ್ಲ ಅಂದರು, ಇನ್ನು ಬರೆಯಲ್ಲ" ಅಂತ ಬರೆದಿದ್ದೀಯ. ಹಾಗೆ ಅಂದವರ ಮಾತು ಬಿಡು. ಹಗಲೆಲ್ಲ ವೈಟ್‌ಫೀಲ್ಡಿನಲ್ಲಿ ದುಡಿದು ರಾತ್ರಿ ಕನ್ನಡದಲ್ಲಿ ಬರೆಯುವವಳಿಗೆ ಮಣ್ಣು ಯಾವುದು ಅಂತ ಬೇರೆಯವರು ಹೇಳಬೇಕಾಗಿಲ್ಲ. ಕಾಗುಣಿತ, ಪ್ರಕಾಶಕರು ಎಲ್ಲ ಆಮೇಲೆ ನೋಡೋಣ. ನನಗೆ ಸಿಟ್ಟು ಬಂದಿರುವುದು ಬೇರೆ ಕಡೆ.

ನಿನ್ನ ಕಥೆಯ ಕಿವಿ ಕೇಳದ ಹುಡುಗನಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕುತ್ತಾರೆ. ಸದ್ದನ್ನು ವಿದ್ಯುತ್ ಮಾಡಿ ಕಿವಿಯ ನರಕ್ಕೆ ಕೊಡುವ ಯಂತ್ರ ಅದು, ಒಂದು ಭಾಗ ಒಳಗೆ, ಒಂದು ಭಾಗ ಹೊರಗೆ. ಯಂತ್ರ ಚಾಲೂ ಆದ ಕೂಡಲೇ ಅವನು ಅಮ್ಮನ ಮಾತು ಅರ್ಥವಾಗಿ ಅಳುತ್ತಾನೆ. ಹಾಗೆ ಆಗುವುದಿಲ್ಲ ಕಣಮ್ಮ. ಒಳಕಿವಿಯಲ್ಲಿ ಸದ್ದನ್ನು ನರಕ್ಕೆ ದಾಟಿಸುವ ಕೋಶಗಳು ಸುಮಾರು 3,500 ಇರುತ್ತವೆ. ಅವುಗಳ ಕೆಲಸವನ್ನು ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ಎಲೆಕ್ಟ್ರೋಡುಗಳು, ಅಂದರೆ ವಿದ್ಯುತ್ ಮುಟ್ಟಿಸುವ ತುದಿಗಳು, ಮಾಡಬೇಕು. ಮೊದಲು ಕೇಳುವುದು ಬರೀ ಸದ್ದು. ಅದು ಮಾತಾಗಲು ತಿಂಗಳುಗಟ್ಟಲೆ, ಎಷ್ಟೋ ಮಕ್ಕಳಿಗೆ ವರ್ಷಗಟ್ಟಲೆ, ಥೆರಪಿ ಬೇಕು. ಆಡಿಯಾಲಜಿಸ್ಟ್ ಅಂದರೆ ಶ್ರವಣ ತಜ್ಞರ ಹತ್ತಿರ ಹೋಗಿ ಮ್ಯಾಪಿಂಗ್ ಮಾಡಿಸುತ್ತಿರಬೇಕು, ಅಂದರೆ ಯಂತ್ರವನ್ನು ಆ ಮಗುವಿನ ಕಿವಿಗೆ ಹೊಂದಿಸಿಕೊಳ್ಳಬೇಕು. ಮಲಗುವಾಗ ಹೊರಗಿನ ಯಂತ್ರ ತೆಗೆದಿಟ್ಟರೆ ಮತ್ತೆ ಏನೂ ಕೇಳುವುದಿಲ್ಲ. ನಿನ್ನ ಇಡೀ ಕಾದಂಬರಿಯಲ್ಲಿ ಒಂದು ಸಲವೂ ಬ್ಯಾಟರಿ ಮುಗಿಯುವುದಿಲ್ಲ. ಅದನ್ನು ಯಾರು ತರುತ್ತಾರೆ? ಯಂತ್ರ ಕೆಟ್ಟರೆ ದುಡ್ಡು ಯಾರದು?

ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಇದನ್ನು ಆದಷ್ಟು ಚಿಕ್ಕ ವಯಸ್ಸಿಗೇ ಹಾಕಿಸಬೇಕು ಅನ್ನುತ್ತಾರೆ ವೈದ್ಯರು. ಅಂದರೆ ತೀರ್ಮಾನ ಮಗುವಿನದಲ್ಲ, ಅಪ್ಪ ಅಮ್ಮನದು. ಸನ್ನೆ ಭಾಷೆಯಲ್ಲೇ ಬಾಳು ಕಟ್ಟಿಕೊಂಡ ಎಷ್ಟೋ ಜನ, ಕೇಳದಿರುವುದು ನಮಗೆ ಕೊರತೆಯೇ ಅಲ್ಲ ಅನ್ನುತ್ತಾರೆ. ಕಾದರೆ ಮಾತು ಕಲಿಯುವ ಕಾಲ ಕಳೆದುಹೋಗುತ್ತದೆ ಅನ್ನುವ ತಾಯಿಯ ಭಯವೂ ಸುಳ್ಳಲ್ಲ. ನೀನೋ, "ಅವಳು ಸಹಿ ಹಾಕಿದಳು" ಅಂತ ಒಂದೇ ಸಾಲು ಬರೆದು ಮುಂದೆ ಓಡಿದ್ದೀಯ. ಅಲ್ಲಿ ನಿಲ್ಲಬೇಕಿತ್ತು, ಅಲ್ವಾ?

ನಾನು ನಿನ್ನ ವಯಸ್ಸಿನಲ್ಲಿ, ಜೈಪುರ ಕಾಲು ಹಾಕಿಕೊಂಡ ಒಬ್ಬ ಹಮಾಲಿಯ ಕಥೆ ಬರೆದಿದ್ದೆ. ಯಶವಂತಪುರದ ಮಂಡಿಯಲ್ಲಿ ಅವನನ್ನು ನೋಡಿದ್ದೆ. ಆ ರಬ್ಬರ್ ಪಾದಕ್ಕೆ ಬೇಸಿಗೆಯ ಡಾಂಬರು ಸುಡುವುದಿಲ್ಲ ಅಂತ ಅವನಿಗೆ ಹೆಮ್ಮೆ. ಒಬ್ಬ ಸಂಪಾದಕರು ಕಥೆ ವಾಪಸ್ ಕಳಿಸಿದರು. ಓದಿದವರ ಕಣ್ಣಲ್ಲಿ ನೀರು ಬರಲ್ಲವಂತೆ. ಆ ಸಿಟ್ಟು ಇನ್ನೂ ಆರಿಲ್ಲ. ನೀನು ಯಾರೂ ಕೇಳದೆಯೇ ಕಣ್ಣೀರು ಹಾಕಿಸಿದ್ದೀಯಲ್ಲ, ಅದಕ್ಕೇ ಇಷ್ಟು ಗದರುತ್ತಿದ್ದೇನೆ.

ಇನ್ನು ನಿನ್ನ ಎರಡನೇ ಭಾಗ. ಅದೇ ಹುಡುಗ ದೊಡ್ಡವನಾಗಿ, ಪರೀಕ್ಷೆ ಗೆಲ್ಲಲು ತಲೆಗೆ ಚಿಪ್ ಹಾಕಿಸಿಕೊಳ್ಳುತ್ತಾನೆ. ನಿನ್ನ ಕಥೆಯ ಚಿಪ್ ಕಂಪನಿ ಮನುಷ್ಯರ ಮನಸ್ಸನ್ನೇ ಆಳಲು ಹೊರಡುತ್ತದೆ. ಅಷ್ಟೆಲ್ಲ ಬೇಡ. ಸೆಕೆಂಡ್ ಸೈಟ್ ಅಂತ ಅಮೆರಿಕದ ಕಂಪನಿ ಇತ್ತು. ಕುರುಡಾದವರ ಕಣ್ಣಿನ ಪರದೆಗೆ ಆರ್ಗಸ್ 2 ಎಂಬ ಸಾಧನ ಕೂರಿಸುತ್ತಿತ್ತು. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜನ ಅದನ್ನು ನಂಬಿದರು. 2020ರಲ್ಲಿ ಕಂಪನಿ ಮುಳುಗುವ ಸ್ಥಿತಿಗೆ ಬಂತು, ಕೆಲಸಗಾರರಲ್ಲಿ ಹೆಚ್ಚಿನವರನ್ನು ಮನೆಗೆ ಕಳಿಸಿತು. ಸಾಧನ ಮಾತ್ರ ಜನರ ಕಣ್ಣೊಳಗೇ ಉಳಿಯಿತು. ಕೆಟ್ಟರೆ ಯಾರನ್ನು ಕೇಳುವುದು? ಯಾರೂ ದುಷ್ಟರಾಗದೆಯೇ ಇಷ್ಟು ಅನ್ಯಾಯ ಆಗುತ್ತದೆ.

ಕೊನೆಗೆ ಆ ಹುಡುಗನ ಅಜ್ಜಿ. ದೇವರು ಕೊಟ್ಟ ದೇಹ ಮುಟ್ಟಬೇಡಿ ಅಂತ ನಾಲ್ಕು ಪುಟ ಭಾಷಣ ಮಾಡುತ್ತಾಳೆ. ನೋಡಮ್ಮ, ನನ್ನ ಎರಡೂ ಕಣ್ಣಲ್ಲಿ ಈಗ ಲೆನ್ಸ್ ಇದೆ. ಪೊರೆ ತೆಗೆದು ಅದರ ಜಾಗದಲ್ಲಿ ಕೂರಿಸಿದ್ದು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಮೊದಲ ಸಲ ಇಂಥದ್ದನ್ನು ಕಣ್ಣೊಳಗೆ ಇಟ್ಟಾಗ ದೊಡ್ಡ ದೊಡ್ಡ ವೈದ್ಯರೇ ವಿರೋಧಿಸಿದ್ದರು. ಪೊರೆಯ ಜೊತೆ ಚಿಕ್ಕಂದಿನಿಂದ ಹಾಕುತ್ತಿದ್ದ ದೂರದ ಕನ್ನಡಕವೂ ಹೋಯಿತು. ಪೊರೆ ತೆಗೆದದ್ದು ರಿಪೇರಿ ಅನ್ನೋಣ. ಕನ್ನಡಕ ಹೋದದ್ದು? ಇಷ್ಟು ಚೆನ್ನಾದ ದೃಷ್ಟಿ ನನಗೆ ಯಾವತ್ತೂ ಇರಲಿಲ್ಲ. ನಿನ್ನ ಅಜ್ಜಿಗೂ ಆ ವಯಸ್ಸಿಗೆ ಪೊರೆಯ ಆಪರೇಷನ್ ಆಗಿರುತ್ತದೆ. ನೀನು ಅದನ್ನು ಬರೆಯಲಿಲ್ಲ, ಬರೆದರೆ ಆ ಭಾಷಣಕ್ಕೆ ಅರ್ಥವೇ ಉಳಿಯುವುದಿಲ್ಲ ಅಂತ ನಿನಗೆ ಗೊತ್ತಿತ್ತು.

ಅಜ್ಜಿಯನ್ನು ತೆಗೆಯಬೇಡ, ಭಾಷಣ ತೆಗೆ. ಆಪರೇಷನ್ ಆದ ಕಣ್ಣಿನಲ್ಲೇ ಅವಳು ಮೊಮ್ಮಗನನ್ನು ನೋಡಲಿ. ಆಗ ಏನನ್ನುತ್ತಾಳೋ ಈಗಲೇ ಗೊತ್ತುಮಾಡಿಕೊಂಡು ಬರೆಯಲು ಕೂರಬೇಡ. ಆ ಅಧ್ಯಾಯವನ್ನೇ ಮೊದಲು ಬರೆದು ಕಳಿಸು.

ಪ್ರೀತಿಯಿಂದ