ನಮ್ಮ ಗುಡ್ಡದ ವಲಯ ಬದಲಾವಣೆ ವಾಪಸ್ ತೆಗೆಸಿ

ಬಾರ್ದೇಶ ತಾಲೂಕಿನ ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ ಸಾಹೇಬರೆ. ನಾನು ಗದಗಿನ ಕಡೆಯವಳು. ಮದುವೆಯಾಗಿ ಗೋವಾಕ್ಕೆ ಬಂದು ಮೂವತ್ತು ವರ್ಷ ಆಯಿತು. ನಿಮಗೆ ಮೂರು ಸಲ ಅರ್ಜಿ ಕೊಟ್ಟೆ. ಒಂದಕ್ಕೂ ಉತ್ತರ ಬರಲಿಲ್ಲ. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಮನೆ ಹಿಂದಿನ ಗುಡ್ಡ 'ಪ್ರಾದೇಶಿಕ ಯೋಜನೆ 2021'ರಲ್ಲಿ, ಅಂದರೆ ಯಾವ ಜಾಗ ಯಾವುದಕ್ಕೆ ಅಂತ ಹೇಳುವ ಸರ್ಕಾರದ ಯೋಜನೆಯಲ್ಲಿ, ತೋಟದ ಜಮೀನು. ಗೇರುಮರ ತುಂಬಿತ್ತು. ನಕ್ಷೆಯಲ್ಲಿ ಕಣ್ತಪ್ಪಾಗಿದೆ ಅಂತ ಅದನ್ನು ವಸತಿ ಜಾಗ ಮಾಡಿದರು. ಜೆಸಿಬಿ ಬಂದ ದಿನವೇ ನಮಗೆ ಗೊತ್ತಾಗಿದ್ದು.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಕೆಂಪು ಕೆಸರು ಹಿತ್ತಲ ಬಾಗಿಲು ತಳ್ಳಿಕೊಂಡು ಅಡುಗೆಮನೆಗೆ ನುಗ್ಗಿತು. ಊರಿಂದ ತಂದಿದ್ದ ಜೋಳದ ಚೀಲ ಹಾಳಾಯಿತು. ಎಂಬತ್ತು ದಾಟಿದ ಅತ್ತೆಯನ್ನು ಅಡುಗೆ ಕಟ್ಟೆ ಮೇಲೆ ಕೂರಿಸಿದೆವು. ಬೆಳಗಿನವರೆಗೂ ಪಾತ್ರೆಯಲ್ಲಿ ಕೆಸರು ಎತ್ತಿ ಎತ್ತಿ ಹೊರಗೆ ಹಾಕಿದೆವು. ಅತ್ತೆ ಅಳುತ್ತಲೇ ಇದ್ದರು. ಇವತ್ತಿಗೂ ಬಾವಿ ನೀರು ಸೋಸಿದರೆ ಬಟ್ಟೆ ಕೆಂಪಾಗುತ್ತದೆ.

ದೂರು ಕೊಡೋಕೆ ಕಚೇರಿಗೆ ಹೋದೆ. ಅಲ್ಲಿ ಒಬ್ಬರು, 'ಘಾಂಟಿಗಳಿಗೆ ಗೋವಾದ ಗುಡ್ಡದ ಚಿಂತೆ ಯಾಕೆ?' ಅಂದರು. ಘಾಂಟಿ ಅಂದರೆ ಘಟ್ಟದ ಆಚೆಯಿಂದ ಬಂದವರನ್ನು ಹೀಗಳೆಯುವ ಮಾತು. ನನ್ನ ಮಕ್ಕಳು ಹುಟ್ಟಿದ್ದು ಇಲ್ಲಿ. ಆ ಗುಡ್ಡದ ನೀರೇ ಕುಡಿದು ಬೆಳೆದರು. ಚಿಂತೆ ಮಾಡೋಕೆ ಇನ್ನೇನು ಬೇಕು ಸಾಹೇಬರೆ? ಆ ಮಾತು ಈಗಲೂ ಎದೆಯಲ್ಲಿ ಚುಚ್ಚುತ್ತಿದೆ.

ಆ ವಲಯ ಬದಲಾವಣೆಯನ್ನು ವಾಪಸ್ ತೆಗೆಸಿ. ನಾನು ಕೇಳುತ್ತಿರುವುದು ಇಷ್ಟೇ.

ಗೋವಾದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ನಿಮಗೆ ಗೊತ್ತೇ ಇದೆ. ಯೋಜನೆಯಲ್ಲಿ ಕಣ್ತಪ್ಪಾಗಿದೆ ಅಂತ ವಲಯ ಬದಲಿಸೋಕೆ ಬಿಡುವ 17(2) ಕಲಂ 2023ರಲ್ಲಿ ಬಂತು. ಅದರ ನಿಯಮಗಳನ್ನು 2025ರ ಮಾರ್ಚ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು. ಅಷ್ಟರೊಳಗೆ, 2024ರಲ್ಲಿ, ಯಾರಾದರೂ ಕೇಳಿಕೊಂಡರೆ ವಲಯ ಬದಲಿಸೋಕೆ ಬಿಡುವ 39ಎ ಕಲಂ ತಂದಾಗಿತ್ತು. ಅದರಲ್ಲಿ ಆಕ್ಷೇಪ ಹೇಳೋಕೆ 30 ದಿನ. ದಿನಗೂಲಿಗೆ ಹೋಗುವ ನಮ್ಮಂಥವರು ಗೆಜೆಟ್ ನೋಡುತ್ತಾ ಕೂರೋಕಾಗುತ್ತಾ?

ವಾಪಸ್ ತೆಗೆಯೋಕೆ ಆಗಲ್ಲ ಅನ್ನಬೇಡಿ. 2006ರಲ್ಲಿ ಹೊರಡಿಸಿದ ಇಡೀ ಪ್ರಾದೇಶಿಕ ಯೋಜನೆಯನ್ನೇ 2007ರಲ್ಲಿ ಸರ್ಕಾರ ವಾಪಸ್ ಪಡೆಯಿತಲ್ವಾ? ಆಗ ಜನ ಬೀದಿಗಿಳಿದಿದ್ದರು. ಮಾಪ್ಸಾದಿಂದ ನಮ್ಮ ಕನ್ನಡದ ಹೆಂಗಸರೂ ಹೋಗಿದ್ದರು, ನಾನೂ ಇದ್ದೆ.

ನಮ್ಮ ಗುಡ್ಡ ಮತ್ತೆ ತೋಟದ ಜಮೀನು ಆಗಬೇಕು. ಹೊಸ ಯೋಜನೆ ಮಾಡುವುದಾದರೆ ಗ್ರಾಮಸಭೆಯಲ್ಲಿ ನಕ್ಷೆ ಹಾಸಿ, ಕೊಂಕಣಿಯಲ್ಲಿ ಓದಿ ಹೇಳಿ, ಆಮೇಲೆ ಮಾಡಿ. ಅಲ್ಲಿವರೆಗೆ ಜೆಸಿಬಿ ನಿಲ್ಲಿಸಿ.

ಮುಂದಿನ ಗ್ರಾಮಸಭೆಗೆ ನೀವೇ ಬನ್ನಿ ಸಾಹೇಬರೆ. ವಾಪಸ್ ತೆಗೆಸುತ್ತೀರೋ ಇಲ್ಲವೋ, ಎಲ್ಲರ ಎದುರು ಹೇಳಿ.

ಇಂತಿ,
ಗುಡ್ಡದ ಕೆಳಗಿನ ಮನೆಯವಳು