ಐಬಿಎಸ್: ಸೂಜಿಗಿಂತ ಸಮಯ ಬೇಕು

ಮಾನ್ಯ ಸಂಪಾದಕರೇ,

ಹೊಟ್ಟೆನೋವು, ಭೇದಿ, ಮಲಬದ್ಧತೆ ಮತ್ತೆ ಮತ್ತೆ ಕಾಡುವ ಕರುಳಿನ ತೊಂದರೆಯಾದ ಐಬಿಎಸ್‌ನಿಂದ ಬೇಸತ್ತವರು ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಚಿಕಿತ್ಸೆಯ ಮೊರೆ ಹೋಗುವುದು ಸಹಜ. ಆದರೆ 2012ರ ಕಾಕ್ರೇನ್ ವಿಮರ್ಶೆಯಲ್ಲಿ (ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ), ಅಸಲಿ ಚಿಕಿತ್ಸೆಯನ್ನು ಸೂಜಿ ಚುಚ್ಚಿದಂತೆ ನಟಿಸುವ ಚಿಕಿತ್ಸೆಯ ಜೊತೆ ಹೋಲಿಸಿದಾಗ ಹೆಚ್ಚಿನ ಲಾಭ ಕಾಣಲಿಲ್ಲ. 2008ರಲ್ಲಿ ಅಮೆರಿಕದಲ್ಲಿ 262 ರೋಗಿಗಳ ಮೇಲೆ ನಡೆದ ಪ್ರಯೋಗ ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಸುಮ್ನೆ ಕಾದವರಲ್ಲಿ 28% ಜನರಿಗೆ ಆರಾಮ ಸಿಕ್ಕಿತು. ನಕಲಿ ಸೂಜಿಯವರಲ್ಲಿ 44%. ನಕಲಿ ಸೂಜಿಯ ಜೊತೆ ವೈದ್ಯರು ಕೂತು ಅಕ್ಕರೆಯಿಂದ ಮಾತಾಡಿದಾಗ 62%!

ನಮ್ಮ ಒಪಿಡಿಗಳಲ್ಲಿ ಆ ಮಾತಿಗೇ ಪುರುಸೊತ್ತಿಲ್ಲ. ‘ಟೆನ್ಷನ್ ಮಾಡ್ಕೋಬೇಡಿ’ ಎಂದು ಚೀಟಿ ಬರೆದು ಕಳಿಸಿದರೆ ರೋಗಿ ಬೇರೆ ಬಾಗಿಲು ಹುಡುಕುತ್ತಾನೆ, ಅಲ್ವಾ? ವೈದ್ಯರು ದಯವಿಟ್ಟು ಸ್ವಲ್ಪ ಸಮಯ ಕೊಡಲಿ. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ಮಾತ್ರ ಯಾರೂ ಸೂಜಿಗೆ ಹೋಗಬೇಡಿ, ಮೊದಲು ಪರೀಕ್ಷೆ ಮಾಡಿಸಿ.

– ಒಬ್ಬ ಓದುಗ, ದಾವಣಗೆರೆ