ಸರಪಳಿ ಹುಡುಗನಿಗೂ ನನ್ನ ಅಜ್ಜನಿಗೂ

ಹೋದ ಭಾನುವಾರ ರಾತ್ರಿ ನಮ್ಮೂರ ಜಾತ್ರೆಯ ವೇದಿಕೆಯಲ್ಲಿ ನಾನೇ ಬರೆದ ಕನ್ನಡ ರ‍್ಯಾಪ್ ಅನ್ನು ಆರು ನಿಮಿಷ ಹಾಡಿದೆ. ಎರಡು ಕಡೆ ನಾಲಿಗೆ ಸಿಕ್ಕಿಕೊಂಡಿತು. ಎರಡೂ ಸಲ ನೀವೆಲ್ಲ ಚಪ್ಪಾಳೆಯಲ್ಲೇ ತಾಳ ಹಿಡಿದು ಕಾದಿರಿ. ಚಿಕ್ಕಂದಿನಿಂದ ಉಗ್ಗುವವನಿಗೆ ಇದಕ್ಕಿಂತ ದೊಡ್ಡ ಸನ್ಮಾನವಿಲ್ಲ. ಅಂದು ಗಂಟಲು ಕಟ್ಟಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ಹೆಸರು ಕೂಗಿದಾಗ ‘ಹಾಜರ್’ ಎನ್ನಬೇಕಿತ್ತು. ‘ಹಾ’ ನನ್ನ ಎದೆಯಲ್ಲೇ ಉಳಿಯುತ್ತಿತ್ತು. ಮೇಷ್ಟ್ರೊಬ್ಬರು ಕಾಯದೆ ಗೈರುಹಾಜರಿ ಹಾಕಿ ಮುಂದಿನ ಹೆಸರಿಗೆ ಹೋಗಿಬಿಡುತ್ತಿದ್ದರು. ಮಾತು ಬೇಕಿಲ್ಲದ ಜಾಗವೆಂದರೆ ಪಕ್ಕದ ಮನೆಯ ಕಾಕಾ ಅವರ ಟಿ.ವಿ. ಎದುರಿನ ಚಾಪೆ. ಅಲ್ಲಿಯೇ ನಾನು ಅಮೆರಿಕದ ಕುಸ್ತಿಪಟು ಜಾನ್ ಸೀನಾನನ್ನು ಕಂಡದ್ದು.

2002ರ ಜೂನ್‌ನಲ್ಲಿ ಅಮೆರಿಕದ ಕುಸ್ತಿ ಪ್ರದರ್ಶನ ಕಂಪನಿ ಡಬ್ಲ್ಯುಡಬ್ಲ್ಯುಇಯ ಅಖಾಡಕ್ಕೆ ಬಂದ ಸೀನಾನನ್ನು ಕೆಲವೇ ತಿಂಗಳಲ್ಲಿ ಕೆಲಸದಿಂದ ತೆಗೆಯುವ ಮಾತು ನಡೆದಿತ್ತು. ಯುರೋಪ್ ಪ್ರವಾಸದ ಬಸ್ಸಿನಲ್ಲಿ ಜೊತೆಗಾರರ ನಡುವೆ ಆಶುವಾಗಿ ಪ್ರಾಸ ಕಟ್ಟುತ್ತಿದ್ದುದು ಕಂಪನಿಯ ಮುಖ್ಯಸ್ಥರ ಮಗಳು ಸ್ಟೆಫನಿ ಮೆಕ್‌ಮಹೊನ್ ಕಿವಿಗೆ ಬಿತ್ತು. ಅದೇ ವರ್ಷದ ಹ್ಯಾಲೋವೀನ್ ಸಂಚಿಕೆಯಲ್ಲಿ ಆತ ರ‍್ಯಾಪರ್ ವೇಷ ತೊಟ್ಟು ನಿಂತ. ಮುಂದೆ ಕೊರಳಲ್ಲಿ ಬೀಗ ತೂಗುವ ಸರಪಳಿ, ಕೈಯಲ್ಲಿ ಮೈಕು. ಹೊಡೆತಕ್ಕೆ ಮೊದಲು ಎದುರಾಳಿಯ ಮೇಲೆ ಪದ್ಯ. ಅವುಗಳಲ್ಲಿ ಕೆಲವು ಮನೆಮಂದಿಯ ಜೊತೆ ಕೂತು ಕೇಳುವಂಥವಲ್ಲ, ಒಪ್ಪುತ್ತೇನೆ.

ಒಂದು ಸಂಜೆ ನನ್ನನ್ನು ಕರೆಯಲು ಬಂದ ಅಜ್ಜ ಬಾಗಿಲಲ್ಲೇ ನಿಂತುಬಿಟ್ಟ. ಅವನು ಗೀಗೀ ಮೇಳದವನು. ಗಂಡು ಹೆಚ್ಚೆನ್ನುವ ಹರದೇಶಿ ಪಕ್ಷ ಹಿಡಿದು, ಹೆಣ್ಣು ಹೆಚ್ಚೆನ್ನುವ ನಾಗೇಶಿಯವರೊಂದಿಗೆ ಬೆಳಗಿನವರೆಗೆ ವಾದ ಹಾಡಿದವನು. ಇಂಗ್ಲಿಷ್ ಒಂದಕ್ಷರ ಬಾರದು. ಆದರೂ, “ಈ ಸರಪಳಿ ಹುಡುಗ ಸವಾಲು ಹಾಕುತ್ತಿದ್ದಾನಲ್ಲೋ! ಜವಾಬು ಕೊಡುವವನು ಎಲ್ಲಿ?” ಎಂದ.

ಅಂದು ರಾತ್ರಿ ಟ್ರಂಕಿನಿಂದ ತನ್ನ ಕಂಚಿನ ತಾಳಗಳನ್ನು ತೆಗೆದು ನನ್ನ ಕೈಗಿಟ್ಟ. “ಮಾತು ಬರದಿದ್ದರೆ ತಾಳ ನಿಲ್ಲಿಸಬೇಡ. ಮಾತು ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆ.” ಮರುದಿನ ಹಾಜರಿ ಹೊತ್ತಿಗೆ ತೊಡೆಯ ಮೇಲೆ ಬೆರಳು ಬಡಿಯುತ್ತ ಕೂತೆ. ನಾಲ್ಕನೇ ಪೆಟ್ಟಿಗೆ ‘ಹಾಜರ್’ ಹೊರಬಂತು. ಉಗ್ಗು ಹೋಗಲಿಲ್ಲ, ಇಂದಿಗೂ ಇದೆ. ಅದರ ಜೊತೆ ನಡೆಯುವ ದಾರಿ ಮಾತ್ರ ಸಿಕ್ಕಿತು.

2005ರ ಏಪ್ರಿಲ್‌ನಲ್ಲಿ ಸೀನಾ ಮೊದಲ ಬಾರಿಗೆ ವಿಶ್ವ ಚಾಂಪಿಯನ್ ಆದ. ಮರುತಿಂಗಳೇ ಸೋದರ ಬಂಧು ಥಾ ಟ್ರೇಡ್‌ಮಾರ್ಕ್ ಜೊತೆ ತಂದ ರ‍್ಯಾಪ್ ಆಲ್ಬಮ್ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 15ನೇ ಸ್ಥಾನದಿಂದ ಶುರುವಾಯಿತು. ಅದರಲ್ಲಿನ ‘ದಿ ಟೈಮ್ ಈಸ್ ನೌ’ ಅವನ ಪ್ರವೇಶಗೀತೆಯಾಯಿತು. ಕುಸ್ತಿ ನೋಡದ ಮಕ್ಕಳೂ ಆ ತುತ್ತೂರಿಯ ದನಿಯನ್ನು ಗುರುತಿಸುತ್ತಾರೆ. 2023ರ ಸೆಪ್ಟೆಂಬರ್ 8ರಂದು ಹೈದರಾಬಾದಿನ ಗಚ್ಚಿಬೌಲಿ ಕ್ರೀಡಾಂಗಣದಲ್ಲಿ ಅದು ಮೊಳಗಿದಾಗ ನಾನು ಮೇಲಿನ ಸಾಲಿನಲ್ಲಿದ್ದೆ. ಅಜ್ಜ ಆಗ ಇರಲಿಲ್ಲ. ಸುತ್ತಲಿನವರ ಜೊತೆ ಇಡೀ ಹಾಡನ್ನು ಒಂದಕ್ಷರವೂ ತಡೆಯದೆ ಕೂಗಿದೆ, ಕಣ್ಣೀರಿಟ್ಟೆ. 2025ರ ಡಿಸೆಂಬರ್ 13ರಂದು ವಾಷಿಂಗ್ಟನ್ನಿನಲ್ಲಿ ಗುಂಥರ್ ಎಂಬ ಕುಸ್ತಿಪಟುವಿಗೆ ಸೋತು ಸೀನಾ ಅಖಾಡದಿಂದ ನಿವೃತ್ತನಾದ ರಾತ್ರಿಯೇ ನನ್ನ ಹಾಡಿನ ಮೊದಲ ಸಾಲು ಬರೆದೆ.

ಆ ಚಾಪೆಯ ಜಾಗವನ್ನು ಎಂದೂ ತಪ್ಪಿಸದ ಕಾಕಾ, ಜೋಳದ ರೊಟ್ಟಿ ಕೊಡುತ್ತಿದ್ದ ಕಾಕಿ, ಕಾಲೇಜಿನ ದಿನಗಳಲ್ಲಿ ಉಸಿರಿನ ಹದ ಕಲಿಸಿದ ವಾಕ್ ಚಿಕಿತ್ಸಕಿ ಮೇಡಂ, ಧೈರ್ಯ ಮಾಡಿ ನನ್ನ ಹೆಸರು ಸೇರಿಸಿದ ಜಾತ್ರಾ ಸಮಿತಿಯ ಹಿರಿಯರು, ನಿಮಗೆಲ್ಲ ನಾನು ಋಣಿ.

ಇನ್ನೊಂದು ಮಾತು. ಅಂದು ವೇದಿಕೆಯ ಹಿಂದೆ ಹಸಿರು ಅಂಗಿಯ ಹುಡುಗನೊಬ್ಬ ಬಂದು ನನ್ನನ್ನು ಏನೋ ಕೇಳಲು ಹೊರಟ. ಮೊದಲ ಅಕ್ಷರದಲ್ಲೇ ನಿಂತ. ಅಷ್ಟರಲ್ಲಿ ಮನೆಯವರು ಕರೆದರು, ಹೊರಟುಹೋದ. ಯಾರ ಮನೆಯ ಮಗುವೋ ತಿಳಿಯದು. ಇದನ್ನು ಓದಿದವರು ದಯವಿಟ್ಟು ಅವನನ್ನು ಕಳುಹಿಸಿಕೊಡಿ. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ. ಅಜ್ಜನ ತಾಳಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ ಇಟ್ಟಿದ್ದೇನೆ.